ಲೆಕ್ಕ ಕೇಳಿ: ತೆರಿಗೆ ಬೇಡ ಎಂದ ಸರ್ಕಾರ

ಹೋದ ತಿಂಗಳು ಎನ್‌ಆರ್‌ಐ ಮಾಲೀಕರಿಂದ ಫ್ಲ್ಯಾಟ್ ಕೊಳ್ಳುವವರು ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುವುದು ಹೇಗೆ ಎಂದು ಬರೆದಿದ್ದೆ. ಕೊನೆಯಲ್ಲಿ ಸುಮ್ನೆ ಒಂದು ಸಾಲು ಸೇರಿಸಿದ್ದೆ: ವೊಡಾಫೋನ್ ಸಿಕ್ಕಿಬಿದ್ದದ್ದೂ ಇದೇ ಟಿಡಿಎಸ್‌ನಲ್ಲಿ ಅಂತ. ಫ್ಲ್ಯಾಟ್ ಬಗ್ಗೆ ಯಾರೂ ಕೇಳಲಿಲ್ಲ. ಪತ್ರಗಳೆಲ್ಲ ಬಂದದ್ದು ಆ ಒಂದು ಸಾಲಿಗೆ. ಹಾಗಾಗಿ ಈ ಸಲ ಪಿಪಿಎಫ್, ಹಿರಿಯರ ಎಫ್‌ಡಿ ಎಲ್ಲ ಬದಿಗಿರಲಿ. ದೊಡ್ಡವರ ಲೆಕ್ಕ ನೋಡೋಣ.

ಪ್ರ: ಮೇಡಂ, ವೊಡಾಫೋನ್ ಸಾಲು ಓದಿ ತಲೆ ಕೆಟ್ಟಿತು. ಲಾಭ ಮಾಡಿದ್ದು ಮಾರಿದವರು, ತೆರಿಗೆ ಕೇಳಿದ್ದು ಕೊಂಡವರನ್ನು. ಇದ್ಯಾವ ನ್ಯಾಯ? ಅಷ್ಟಾದರೂ ಕೊನೆಗೆ ನಮ್ಮ ಸರ್ಕಾರವೇ ಸೋತದ್ದು ಯಾಕೆ?
— ಬ್ಯಾಂಕಿನ ನಿವೃತ್ತ ನೌಕರ, ಡೊಂಬಿವಲಿ

ಉ: ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಸೊಸೈಟಿಯಲ್ಲೇ ಸಿಗುತ್ತದೆ. ದುಬೈನಲ್ಲಿರುವವರ ಫ್ಲ್ಯಾಟ್ ಕೊಂಡರೆ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಂಡವರದು. ಮಾರಿದವರು ದುಡ್ಡು ತೆಗೆದುಕೊಂಡು ವಿಮಾನ ಹತ್ತಿದ ಮೇಲೆ ಇಲಾಖೆ ಯಾರನ್ನು ಹಿಡಿಯಬೇಕು? ಕೈಗೆ ಸಿಕ್ಕವರನ್ನೇ ತಾನೆ.

2007ರಲ್ಲಿ ಹಾಂಗ್‌ಕಾಂಗ್‌ನ ಹಚಿಸನ್ ಗುಂಪು ಇಲ್ಲಿನ ಹಚ್ ಮೊಬೈಲ್ ಕಂಪನಿಯಲ್ಲಿದ್ದ ತನ್ನ ಪಾಲನ್ನು ಸುಮಾರು 1,100 ಕೋಟಿ ಡಾಲರ್‌ಗೆ ವೊಡಾಫೋನ್‌ಗೆ ಮಾರಿತು. ಆ ನಾಯಿಮರಿ ಜಾಹೀರಾತಿನ ಹಚ್ ನೆನಪಿದೆಯಲ್ಲ, ಅದೇ. ಆದರೆ ಕಾಗದದ ಮೇಲೆ ಕೈ ಬದಲಾದದ್ದು ಹಚ್‌ನ ಷೇರಲ್ಲ. ಹಚ್‌ನ ಆ ಪಾಲನ್ನು ಹಿಡಿದಿದ್ದ, ಕೇಮನ್ ದ್ವೀಪದ ಸಿಜಿಪಿ ಎಂಬ ಕಂಪನಿಯ ಷೇರು. ಕೊಂಡದ್ದು ವೊಡಾಫೋನ್‌ನ ನೆದರ್ಲೆಂಡ್ಸ್ ಕಂಪನಿ. ಟವರು, ಸಿಮ್ಮು, ಗಿರಾಕಿ ಎಲ್ಲ ಭಾರತದಲ್ಲಿ. ವ್ಯಾಪಾರ ಮಾತ್ರ ಸಮುದ್ರದಾಚೆ.

ಇಲಾಖೆ ಸುಮ್ಮನಿರಲಿಲ್ಲ. 11,000 ಕೋಟಿ ರೂಪಾಯಿಗೂ ಜಾಸ್ತಿ ತೆರಿಗೆ ಕೇಳಿತು. 2010ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಇಲಾಖೆಯ ಪರ ತೀರ್ಪು ಕೊಟ್ಟಿತು. ಆಗ ನಾನಿದ್ದದ್ದು ಮುಂಬೈ ಫೋರ್ಟಿನ ಒಂದು ಆಫೀಸಿನಲ್ಲಿ, ಕೋರ್ಟಿಗೆ ನಡೆದು ಹೋಗುವಷ್ಟು ದೂರ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಬೇರೆ ಮಾತೇ ಇರುತ್ತಿರಲಿಲ್ಲ. ಅರ್ಧ ಜನ ವೊಡಾಫೋನ್ ಪರ, ಅರ್ಧ ಜನ ಸರ್ಕಾರದ ಪರ. 2012ರ ಜನವರಿ 20ರಂದು ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿತು. ಮುಖ್ಯ ನ್ಯಾಯಮೂರ್ತಿ ಕಪಾಡಿಯಾ ಅವರ ಪೀಠ ಹೇಳಿದ್ದು ಇಷ್ಟು: ಹೊರದೇಶದ ಕಂಪನಿಯ ಷೇರನ್ನು ಹೊರದೇಶದವರು ಹೊರದೇಶದವರಿಗೆ ಮಾರಿದರೆ, ಈಗಿರುವ ಕಾನೂನಿನಲ್ಲಿ ಇಲ್ಲಿ ತೆರಿಗೆ ಹಾಕಲು ಬರುವುದಿಲ್ಲ. ವೊಡಾಫೋನ್ ಅಲ್ಲಿಯವರೆಗೆ ಕಟ್ಟಿದ್ದ 2,500 ಕೋಟಿಯನ್ನು ಬಡ್ಡಿ ಸಮೇತ ವಾಪಸ್ ಕೊಡಿ ಎಂದೂ ಹೇಳಿತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಕಾನೂನಿನಲ್ಲಿ ಸಂದಿ ಇದೆ ಎಂದು ಕೋರ್ಟೇ ತೋರಿಸಿಕೊಟ್ಟಿತ್ತು. ಮುಂದಿನ ಏಪ್ರಿಲ್‌ನಿಂದ ಅದನ್ನು ಮುಚ್ಚಿದ್ದರೆ ಯಾರೂ ಚಕಾರ ಎತ್ತುತ್ತಿರಲಿಲ್ಲ. ಆದರೆ ಎರಡೇ ತಿಂಗಳಲ್ಲಿ ಪ್ರಣಬ್ ಮುಖರ್ಜಿಯವರ ಬಜೆಟ್ ಬಂತು. ಇಂಥ ವ್ಯವಹಾರಕ್ಕೆ ಇಲ್ಲಿ ತೆರಿಗೆ ಇದೆ, 1962ರಿಂದಲೂ ಇತ್ತು ಎಂದು ಅದರಲ್ಲಿ ಬರೆದಿತ್ತು. ನಮ್ಮ ಆಫೀಸಿನ ಒಬ್ಬ ಹುಡುಗ ಆ ಇಸವಿ ಓದಿ ಅಚ್ಚಿನ ತಪ್ಪು ಅಂದುಕೊಂಡ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರನ್ನು ನೋಡಿದ್ದೇವೆ. ಇವರು ಬಾಗಿಲು ಹಾಕಿದ್ದಷ್ಟೇ ಅಲ್ಲ, ಅದು ಐವತ್ತು ವರ್ಷದಿಂದ ಹಾಕಿಯೇ ಇತ್ತು ಎಂದು ಬರೆದುಕೊಂಡರು!

ಸೋತದ್ದು ಅಲ್ಲಿ. ವೊಡಾಫೋನ್ ನೆದರ್ಲೆಂಡ್ಸ್ ಜೊತೆಗಿನ ನಮ್ಮ ಹೂಡಿಕೆ ಒಪ್ಪಂದ ಹಿಡಿದುಕೊಂಡು ಮಧ್ಯಸ್ಥಿಕೆಗೆ ಹೋಯಿತು. 2020ರ ಸೆಪ್ಟೆಂಬರ್‌ನಲ್ಲಿ ಹೇಗ್‌ನಿಂದ ಅದರ ಪರ ತೀರ್ಪು ಬಂತು. ಮೂರೇ ತಿಂಗಳಿಗೆ, ಇದೇ ಹಿಂದಿನ ದಿನಾಂಕದ ತೆರಿಗೆಗೆ ಸಿಕ್ಕಿದ್ದ ಬ್ರಿಟನ್ನಿನ ತೈಲ ಕಂಪನಿ ಕೇರ್ನ್ ಎನರ್ಜಿಯೂ ಗೆದ್ದಿತು. ಅದಕ್ಕೆ ನಾವು 120 ಕೋಟಿ ಡಾಲರ್ ಮತ್ತು ಬಡ್ಡಿ ಕೊಡಬೇಕು ಎಂದು ತೀರ್ಪಾಯಿತು. ಕೊಡಲು ತಡಮಾಡಿದ್ದಕ್ಕೆ ಕೇರ್ನ್ ಪ್ಯಾರಿಸ್‌ನ ಕೋರ್ಟಿಗೆ ಹೋಗಿ ಅಲ್ಲಿರುವ ಭಾರತ ಸರ್ಕಾರದ ಸುಮಾರು 20 ಆಸ್ತಿಗಳ ಮೇಲೆ ಜಪ್ತಿ ಆದೇಶ ತಂದಿತು. ಹೆಚ್ಚಿನವು ಫ್ಲ್ಯಾಟುಗಳೇ. 2021ರ ಆಗಸ್ಟ್‌ನಲ್ಲಿ ಸರ್ಕಾರ ಹಿಂದಿನ ದಿನಾಂಕದ ಆ ತೆರಿಗೆಯನ್ನು ಕೈಬಿಟ್ಟಿತು. 17 ಪ್ರಕರಣಗಳಲ್ಲಿ ಕೇಳಿ, ನಾಲ್ಕರಲ್ಲಿ ವಸೂಲಿ ಮಾಡಿದ್ದ ಸುಮಾರು 8,100 ಕೋಟಿ ರೂಪಾಯಿಯನ್ನು ಬಡ್ಡಿ ಇಲ್ಲದೆ ವಾಪಸ್ ಕೊಡುತ್ತೇವೆ, ನೀವು ಕೇಸು ಬಿಡಿ ಎಂದಿತು. ಅದರಲ್ಲಿ ಕೇರ್ನ್ ಪಾಲೇ 7,900 ಕೋಟಿ.

ತೆರಿಗೆ ಕೇಳಿದ್ದು ತಪ್ಪು ಎಂದು ನನಗೆ ಇವತ್ತಿಗೂ ಅನಿಸುವುದಿಲ್ಲ. ಕೇಳಿದ ರೀತಿ ತಪ್ಪು. ಈಗ ಇಂಥ ಮಾರಾಟಕ್ಕೆ ಇಲ್ಲಿ ತೆರಿಗೆ ಇದ್ದೇ ಇದೆ. ಮೊದಲೇ ಗೊತ್ತಿರುವುದರಿಂದ ಕಂಪನಿಗಳು ಲೆಕ್ಕ ಹಾಕಿಕೊಂಡೇ ಬರುತ್ತವೆ.

ಪ್ರ: ಹಿಂಜವಡಿಯಲ್ಲಿ ಒಂದು ಅಮೆರಿಕನ್ ಕಂಪನಿಯ ಯೂನಿಟ್‌ನಲ್ಲಿ ಕೆಲಸ ಮಾಡುತ್ತೇನೆ. ಫೈನಾನ್ಸ್‌ನವರು "ನಮ್ಮದು ಕಾಸ್ಟ್ ಪ್ಲಸ್, ನಷ್ಟ ಆಗೋದೇ ಇಲ್ಲ" ಅಂತಾರೆ. ಮೊನ್ನೆ ಎಪಿಎ ಸಹಿ ಆಯಿತು ಅಂತ ಕೇಕ್ ಬೇರೆ ಕತ್ತರಿಸಿದರು. ಆಂಟಿ, ಏನದು?
— ಸಾಫ್ಟ್‌ವೇರ್ ಹುಡುಗ, ಪುಣೆ

ಉ: ಆಂಟಿ ಅಂದಿದ್ದಕ್ಕೆ ಮಾಫಿ. ಕೇಕ್ ಕತ್ತರಿಸಿದ್ದು ಸರಿಯಾಗಿದೆ.

ನಿಮ್ಮ ಪುಣೆ ಯೂನಿಟ್ ಹೊರಗೆ ಏನನ್ನೂ ಮಾರುವುದಿಲ್ಲ. ಅದಕ್ಕಿರುವುದು ಒಬ್ಬನೇ ಗಿರಾಕಿ, ಅಮೆರಿಕದ ತಾಯಿ ಕಂಪನಿ. ಸಂಬಳ, ಬಾಡಿಗೆ, ಬಸ್ಸು, ಕ್ಯಾಂಟೀನ್ ಎಲ್ಲ ಸೇರಿ 100 ರೂಪಾಯಿ ಖರ್ಚಾದರೆ ತಾಯಿ ಕಂಪನಿ 115 ಕೊಡುತ್ತದೆ ಅಂದುಕೊಳ್ಳಿ. ಆ 15 ಇಲ್ಲಿನ ಲಾಭ. ತೆರಿಗೆ ಬೀಳುವುದು ಅದಕ್ಕೆ. ನೀವು ಬರೆದ ಕೋಡ್ ಲೋಕದಲ್ಲೆಲ್ಲ ಮಾರಾಟವಾಗಿ ಎಷ್ಟೇ ಗಳಿಸಲಿ, ಅದು ನಿಮ್ಮ ಯೂನಿಟ್‌ನ ಪುಸ್ತಕಕ್ಕೆ ಬರುವುದಿಲ್ಲ.

ಹಾಗಾದರೆ 15 ಯಾಕೆ, 25 ಯಾಕಲ್ಲ? ಜಗಳ ಹುಟ್ಟುವುದೇ ಇಲ್ಲಿ. ಸಂಬಂಧವೇ ಇಲ್ಲದ ಇಬ್ಬರು ವ್ಯವಹಾರ ಮಾಡಿದ್ದರೆ ಎಷ್ಟು ಬೆಲೆ ಆಗುತ್ತಿತ್ತೋ ಅಷ್ಟನ್ನೇ ಹಾಕಬೇಕು ಎಂದು 2001ರಲ್ಲಿ ನಮ್ಮ ಕಾನೂನಿಗೆ ಸೇರಿಸಿದರು. ಆಫೀಸುಗಳಲ್ಲಿ ಇದಕ್ಕೆ ಟಿಪಿ ಅನ್ನುತ್ತಾರೆ, ಟ್ರಾನ್ಸ್‌ಫರ್ ಪ್ರೈಸಿಂಗ್. ಆ ಬೆಲೆ ಎಷ್ಟು ಎಂದು ತಿಳಿಯಲು ಅದೇ ಥರದ ಬೇರೆ ಕಂಪನಿಗಳ ಲಾಭ ನೋಡಬೇಕು. ಅವು ಕಂಪೇರಬಲ್ಸ್. ನನ್ನ ಕಣ್ಣಿನ ನಂಬರ್ ಏರಿದ್ದು ಆ ಪಟ್ಟಿಗಳಿಂದಲೇ. ನಾವು ಕಷ್ಟಪಟ್ಟು ಶೇ 8, 10 ಲಾಭದ ಬಡಪಾಯಿ ಕಂಪನಿಗಳನ್ನು ಹುಡುಕಿ ತರುತ್ತಿದ್ದೆವು. ಅಧಿಕಾರಿ ಅವನ್ನೆಲ್ಲ ಹೊಡೆದು ಹಾಕಿ ಶೇ 40 ಲಾಭದವರನ್ನು ತಂದು ಕೂರಿಸುತ್ತಿದ್ದರು. ಇನ್ನೂರು ಜನರ ಯೂನಿಟ್ ಪಕ್ಕ ಇನ್ಫೋಸಿಸ್! ಅಂಥ ದೈತ್ಯ ಕಂಪನಿಯನ್ನು ತಾಯಿ ಕಂಪನಿಗೆ ಮಾತ್ರ ಕೆಲಸ ಮಾಡುವ ಸಣ್ಣ ಕ್ಯಾಪ್ಟಿವ್ ಯೂನಿಟ್‌ಗೆ ಹೋಲಿಸಬೇಡಿ ಎಂದು 2013ರಲ್ಲಿ ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ಅಷ್ಟರಲ್ಲಿ ಮುಂಬೈ, ಪುಣೆ, ಬೆಂಗಳೂರು ಟ್ರಿಬ್ಯುನಲ್‌ಗಳಲ್ಲಿ ಫೈಲುಗಳ ರಾಶಿ. ನಾವೂ ಚರ್ಚ್‌ಗೇಟ್ ಲೋಕಲ್‌ನಲ್ಲಿ ಪೇಪರ್‌ಬುಕ್, ಅಂದರೆ ಕೇಸಿನ ಕಾಗದಪತ್ರಗಳ ಕಟ್ಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಹೋದವರೇ. ಒಂದು ವರ್ಷದ ಜಗಳ ಮುಗಿಯುವಷ್ಟರಲ್ಲಿ ಇನ್ನಾರು ವರ್ಷದ ನೋಟಿಸ್ ಬಂದಿರುತ್ತಿತ್ತು.

ಇದಕ್ಕೆ ಮದ್ದಾಗಿ ಬಂದದ್ದು ಎಪಿಎ, ಅಂದರೆ ಅಡ್ವಾನ್ಸ್ ಪ್ರೈಸಿಂಗ್ ಅಗ್ರಿಮೆಂಟ್. ನಮ್ಮಲ್ಲಿ ಶುರುವಾದದ್ದು 2012ರಲ್ಲಿ. ಕಂಪನಿ ನೇರ ತೆರಿಗೆ ಮಂಡಳಿಯ ಜೊತೆ ಕೂತು ಮಾರ್ಕಪ್, ಅಂದರೆ ಖರ್ಚಿನ ಮೇಲೆ ಸೇರಿಸುವ ಲಾಭ, ಎಷ್ಟು ಎಂದು ಮೊದಲೇ ಸಹಿ ಹಾಕಿಕೊಳ್ಳುತ್ತದೆ. ಮುಂದಿನ ಐದು ವರ್ಷದವರೆಗೆ ಅದೇ. ಬೇಕಾದರೆ ಹಿಂದಿನ ನಾಲ್ಕು ವರ್ಷಕ್ಕೂ ಹಚ್ಚಬಹುದು. ಒಟ್ಟು ಒಂಬತ್ತು ವರ್ಷ ಈ ವಿಷಯದಲ್ಲಿ ನೆಮ್ಮದಿ. ನಿಮ್ಮ ಫೈನಾನ್ಸ್‌ನವರ ಮುಖ ಯಾಕೆ ಅರಳಿತ್ತು ಅಂತ ಈಗ ತಿಳೀತಲ್ವಾ?

ನಾನು ಎಪಿಎ ಪರ. ಆದರೆ ಒಂದು ತಕರಾರಿದೆ. ಮಂಡಳಿ ಪ್ರತಿವರ್ಷ ಎಷ್ಟು ಸಹಿಯಾದವು, ಯಾವ ಉದ್ಯಮದವು ಎಂದು ವರದಿ ಹಾಕುತ್ತದೆ. ಯಾರಿಗೆ ಎಷ್ಟು ಮಾರ್ಕಪ್ ಎನ್ನುವುದು ಗುಟ್ಟು. ವ್ಯಾಪಾರದ ಗುಟ್ಟು ಬಿಟ್ಟುಕೊಡಬೇಕಿಲ್ಲ, ಒಪ್ಪೋಣ. ಕಂಪನಿಯ ಹೆಸರು ಅಳಿಸಿ, ಇಂಥ ಕೆಲಸಕ್ಕೆ ಇಂಥ ಕಾರಣಕ್ಕೆ ಇಷ್ಟು ಎಂದು ಎರಡು ಪುಟ ಹಾಕಿದರೆ ಏನು ಗಂಟು ಹೋಗುತ್ತದೆ? ಬಾಗಿಲು ಮುಚ್ಚಿಕೊಂಡು ಮಾಡಿದ ಲೆಕ್ಕ ಸರಿಯಾಗಿದ್ದರೂ ಹೊರಗಿನವರಿಗೆ ಅನುಮಾನ ಬರುತ್ತದೆ. ಮುಂದಿನ ಪತ್ರ ಅದರದ್ದೇ.

ಪ್ರ: ಆಪಲ್ ಕಂಪನಿಯಿಂದ ಸಾವಿರಾರು ಕೋಟಿ ತೆರಿಗೆ ತೆಗೆದುಕೋ ಅಂದರೆ ಐರ್ಲೆಂಡ್ ಸರ್ಕಾರ ಬೇಡ ಅಂತ ಕೋರ್ಟಿಗೆ ಹೋಯಿತು ಎಂದು ನಮ್ಮ ಸರ್ ಕ್ಲಾಸಿನಲ್ಲಿ ಹೇಳಿದರು. ತೆರಿಗೆ ಬೇಡ ಅನ್ನುವ ಸರ್ಕಾರವೂ ಇರುತ್ತಾ?
— ಬಿಕಾಂ ವಿದ್ಯಾರ್ಥಿನಿ, ವಾಸ್ಕೊ

ಉ: ನಿಮ್ಮ ಸರ್ ಹೇಳಿದ್ದು ನಿಜ. ಆಪಲ್ 1980ರಿಂದ ಐರ್ಲೆಂಡಿನ ಕಾರ್ಕ್ ಊರಿನಲ್ಲಿದೆ. ಅದರ ಐರಿಷ್ ಕಂಪನಿಗಳ ಲಾಭ ಲೆಕ್ಕ ಹಾಕುವುದು ಹೇಗೆ ಎಂದು ಅಲ್ಲಿನ ತೆರಿಗೆ ಇಲಾಖೆ 1991ರಲ್ಲಿ ಮತ್ತು 2007ರಲ್ಲಿ ಬರೆದು ಒಪ್ಪಿಗೆ ಕೊಟ್ಟಿತ್ತು. ಯುರೋಪಿನ ಮಾರಾಟದ ಲಾಭವೆಲ್ಲ ಹರಿದು ಬರುತ್ತಿದ್ದದ್ದು ಈ ಕಂಪನಿಗಳಿಗೆ. ಅದರಲ್ಲಿ ದೊಡ್ಡ ಪಾಲನ್ನು "ಮುಖ್ಯ ಕಚೇರಿ"ಯ ಲೆಕ್ಕಕ್ಕೆ ಹಾಕುತ್ತಿದ್ದರು. ಆ ಮುಖ್ಯ ಕಚೇರಿ ಯಾವ ದೇಶದಲ್ಲೂ ಇರಲಿಲ್ಲ. ಅಲ್ಲಿ ನೌಕರರಿಲ್ಲ, ಕಟ್ಟಡವಿಲ್ಲ. ಐರ್ಲೆಂಡಿನ ಕಂಪನಿ ತೆರಿಗೆ ಆಗ ಶೇ 12.5. ಯುರೋಪಿಯನ್ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ ಲೆಕ್ಕದ ಪ್ರಕಾರ 2014ರಲ್ಲಿ ಆಪಲ್‌ನ ಈ ಐರಿಷ್ ಕಂಪನಿಗಳಲ್ಲಿ ಒಂದಕ್ಕೆ ಬಿದ್ದದ್ದು ಶೇ 0.005. ಹತ್ತು ಲಕ್ಷ ಲಾಭಕ್ಕೆ 50 ರೂಪಾಯಿ ಅಂದ ಹಾಗೆ. ವಾಸ್ಕೊ ಸ್ಟೇಷನ್ ಎದುರು ಚಹಾ ಮತ್ತು ಬಜ್ಜಿಗೆ ಆಗುವಷ್ಟು.

2016ರ ಆಗಸ್ಟ್‌ನಲ್ಲಿ ಕಮಿಷನ್ನಿನಲ್ಲಿ ಸ್ಪರ್ಧಾ ವಿಭಾಗ ನೋಡಿಕೊಳ್ಳುತ್ತಿದ್ದ ಮಾರ್ಗ್ರೆಥೆ ವೆಸ್ಟಾಯೆರ್ ಎದ್ದು ನಿಂತು, ಇದು ಒಂದೇ ಕಂಪನಿಗೆ ಕೊಟ್ಟ ಸರ್ಕಾರಿ ನೆರವು, 1,300 ಕೋಟಿ ಯೂರೋ ವಸೂಲಿ ಮಾಡಿ ಎಂದರು. ತೆರಿಗೆ ದರ ಎಷ್ಟಿರಬೇಕು ಎಂದು ಹೇಳುವ ಹಕ್ಕು ಕಮಿಷನ್ನಿಗಿಲ್ಲ. ಒಬ್ಬರಿಗೆ ಮಾತ್ರ ರಿಯಾಯಿತಿ ಕೊಡಬೇಡಿ ಎನ್ನುವ ಹಕ್ಕಿದೆ. ಆಪಲ್ ಮೇಲ್ಮನವಿಗೆ ಹೋಯಿತು. ಐರ್ಲೆಂಡೂ ಹೋಯಿತು. ಯಾಕೆಂದರೆ ಆ ಪುಟ್ಟ ದೇಶದ ಉದ್ಯೋಗ ನಿಂತಿರುವುದೇ ಹೊರಗಿನ ಕಂಪನಿಗಳ ಮೇಲೆ. ಇಲ್ಲಿ ಕೊಟ್ಟ ಮಾತಿಗೆ ಬೆಲೆ ಇಲ್ಲ ಎಂದು ಉಳಿದ ಕಂಪನಿಗಳು ಅಂದುಕೊಂಡರೆ ಕಷ್ಟ ಎಂಬ ಹೆದರಿಕೆ. ಒಂದು ಸಲದ ದುಡ್ಡಿಗಿಂತ ಅದು ದೊಡ್ಡದು ಅನಿಸಿತು ಅವರಿಗೆ.

2020ರಲ್ಲಿ ಕೆಳ ಕೋರ್ಟ್ ಆಪಲ್ ಪರ ನಿಂತಿತು. 2024ರ ಸೆಪ್ಟೆಂಬರ್ 10ರಂದು ಯುರೋಪಿನ ಮೇಲಿನ ಕೋರ್ಟ್ ಅದನ್ನು ತಿರುವಿ ಹಾಕಿ, ಕಟ್ಟಲೇಬೇಕು ಎಂದಿತು. ಅಲ್ಲಿಗೆ ಮುಗಿಯಿತು. ಬೇಡ ಬೇಡ ಎಂದ ಸರ್ಕಾರದ ಖಜಾನೆಗೆ ದುಡ್ಡು ಬಂದು ಬಿತ್ತು. ಕಮಿಷನ್ ಎಲ್ಲ ಕಡೆ ಗೆದ್ದಿತು ಅಂತಲ್ಲ. ನೆದರ್ಲೆಂಡ್ಸ್‌ನ ಸ್ಟಾರ್‌ಬಕ್ಸ್, ಲಕ್ಸೆಂಬರ್ಗ್‌ನ ಫಿಯಟ್ ಮತ್ತು ಅಮೆಜಾನ್ ಕೇಸುಗಳಲ್ಲಿ ಸೋತಿದೆ.

ಪರೀಕ್ಷೆಗೆ ಬರೆಯಲು ನಿಮ್ಮೂರಿನದೇ ಒಂದು ಉದಾಹರಣೆ ಕೊಡುತ್ತೇನೆ. 2019ರ ಸೆಪ್ಟೆಂಬರ್ 20ರಂದು ನಿರ್ಮಲಾ ಸೀತಾರಾಮನ್ ಜಿಎಸ್‌ಟಿ ಸಭೆಗೆಂದು ಗೋವಾಕ್ಕೆ ಬಂದಿದ್ದರು. ಆಗಲೇ ಪಣಜಿಯಲ್ಲಿ ದೇಶದ ಕಂಪನಿಗಳ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿದರು. ಬೇರೆ ವಿನಾಯಿತಿಗಳನ್ನು ಬಿಟ್ಟುಕೊಟ್ಟ ಯಾವ ಕಂಪನಿಗಾದರೂ ಅದೇ ದರ. ಅದು ಜಾಸ್ತಿ ಉದಾರ ಆಯಿತು ಎಂದು ಬೈಯಬಹುದು, ನಾನೂ ಬೈದಿದ್ದೆ. ಆದರೆ ಎಲ್ಲರ ಎದುರು ಹೇಳಿ, ಸುಗ್ರೀವಾಜ್ಞೆ ತಂದು ಇಳಿಸಿದ ದರ ಅದು. ಕಾರ್ಕ್‌ನಲ್ಲಿ ಆದದ್ದು ಹಾಗಲ್ಲ.

ಪ್ರ: ಅಕ್ಕಾರ, ಬೆಳಗಾವಿಯವನು, ಚಾಕಣದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟಿದ್ದೇನೆ. ಫೋಕ್ಸ್‌ವ್ಯಾಗನ್ ಮೇಲೆ ಕಸ್ಟಮ್ಸ್‌ನವರು ಹಾಕಿದ ಕೇಸು ನಿಮ್ಮ ತೆರಿಗೆ ಕೇಸಿಗಿಂತ ಬೇರೇನಾ?
— ಬಿಡಿಭಾಗ ಮಾಡುವವನು, ಚಾಕಣ

ಉ: ಬೇರೆ ಇಲಾಖೆ, ಬೇರೆ ಕಾನೂನು. ಜಗಳದ ಜಾತಿ ಮಾತ್ರ ಒಂದೇ. ಬಿಡಿಭಾಗ ತಂದರೆ ಸುಂಕ ಶೇ 5ರಿಂದ 15. ಕಾರನ್ನೇ ಬಿಚ್ಚಿ ಪೂರ್ತಿ ಕಿಟ್ ಆಗಿ ತಂದರೆ ಶೇ 30ರಿಂದ 35. ಸ್ಕೋಡಾ, ಆಡಿ, ಫೋಕ್ಸ್‌ವ್ಯಾಗನ್ ಕಾರುಗಳನ್ನು ಹೆಚ್ಚುಕಡಿಮೆ ಪೂರ್ತಿ ತಂದು, ಬೇರೆ ಬೇರೆ ಕಂತುಗಳಲ್ಲಿ ಇಳಿಸಿ ಬಿಡಿಭಾಗ ಎಂದು ತೋರಿಸಿದ್ದೀರಿ ಎಂಬುದು ಕಸ್ಟಮ್ಸ್ ಆರೋಪ. 2024ರ ಸೆಪ್ಟೆಂಬರ್‌ನ ನೋಟಿಸ್‌ನಲ್ಲಿ ಕೇಳಿದ್ದು 140 ಕೋಟಿ ಡಾಲರ್. ನಾವು ಹೀಗೇ ತರುವುದು ಸರ್ಕಾರಕ್ಕೆ ಗೊತ್ತಿತ್ತು, 2011ರಲ್ಲೇ ಸ್ಪಷ್ಟನೆ ಸಿಕ್ಕಿತ್ತು ಎಂಬುದು ಕಂಪನಿಯ ವಾದ. 2025ರ ಆರಂಭದಲ್ಲಿ ಅದು ಬಾಂಬೆ ಹೈಕೋರ್ಟಿಗೆ ಹೋಯಿತು.

ಯಾರು ಸರಿ ಎಂದು ಕೋರ್ಟ್ ಹೇಳಲಿ. ನನಗೆ ಸಿಟ್ಟು ಬರುವುದು ವರ್ಷಗಳ ಲೆಕ್ಕಕ್ಕೆ. ಹತ್ತು ವರ್ಷಕ್ಕೂ ಮೇಲೆ ಅದೇ ರೀತಿ ಪೆಟ್ಟಿಗೆಗಳು ಬಂದರಿನಲ್ಲಿ ಇಳಿದಿವೆ. ತಪ್ಪಾಗಿದ್ದರೆ ಎರಡನೇ ವರ್ಷವೇ ಹಿಡಿಯಬೇಕಿತ್ತು. ನಿಮ್ಮಂಥವರ ಜಿಎಸ್‌ಟಿ ರಿಟರ್ನ್ ಒಂದು ದಿನ ತಡವಾದರೆ ಲೇಟ್ ಫೀ ತಾನಾಗಿ ಬಂದು ಕೂರುತ್ತದೆ ತಾನೆ?

ಪ್ರ: ದೊಡ್ಡವರ ಜಗಳದಲ್ಲಿ ಕೆಲಸದವರ ಗತಿ ಏನು? ಅದನ್ನು ಯಾರೂ ಬರೆಯುವುದಿಲ್ಲ.
— ಕಾರ್ಖಾನೆ ಕಾರ್ಮಿಕ, ಪಿಂಪ್ರಿ

ಉ: ಚೆನ್ನೈ ಹತ್ತಿರದ ಶ್ರೀಪೆರಂಬುದೂರಿನ ನೋಕಿಯಾ ಕಥೆ ಹೇಳುತ್ತೇನೆ. ಫಿನ್ಲೆಂಡ್‌ನ ತಾಯಿ ಕಂಪನಿಗೆ ಸಾಫ್ಟ್‌ವೇರ್ ಹಣ ಕಳಿಸುವಾಗ ಟಿಡಿಎಸ್ ಹಿಡಿದಿಲ್ಲ ಎಂದು 2013ರಲ್ಲಿ ಇಲಾಖೆ 2,000 ಕೋಟಿ ರೂಪಾಯಿಗೂ ಜಾಸ್ತಿ ಕೇಳಿತು. ಆಸ್ತಿ ಮಾರದಂತೆ ತಡೆ ಬಿತ್ತು. ಮರುವರ್ಷ ನೋಕಿಯಾದ ಫೋನ್ ವ್ಯಾಪಾರವನ್ನು ಮೈಕ್ರೋಸಾಫ್ಟ್ ಕೊಂಡಾಗ ಈ ಕಾರ್ಖಾನೆ ಮಾತ್ರ ಹೊರಗೆ ಉಳಿಯಿತು. ಕೆಲ ತಿಂಗಳು ಮೈಕ್ರೋಸಾಫ್ಟ್‌ಗೆ ಫೋನ್ ಮಾಡಿಕೊಟ್ಟರು. ಆ ಆರ್ಡರ್ ನಿಂತಿತು. 2014ರ ನವೆಂಬರ್ 1ಕ್ಕೆ ಬೀಗ. ಸಾವಿರಾರು ಜನ ಮನೆಗೆ ಹೋದರು.

2018ರಲ್ಲಿ ಎರಡೂ ದೇಶದ ತೆರಿಗೆ ಅಧಿಕಾರಿಗಳು ಕೂತು ಮಾತಾಡಿ, ಸುಮಾರು 20 ಕೋಟಿ ಯೂರೋಗೆ ಜಗಳ ಮುಗಿಸಿದರು. ಹಾಗೆ ಕೂತು ಮಾತಾಡುವ ದಾರಿ ಎರಡು ದೇಶಗಳ ತೆರಿಗೆ ಒಪ್ಪಂದದಲ್ಲಿ ಮೊದಲಿನಿಂದಲೂ ಇತ್ತು. ತೆರಿಗೆಯೊಂದರಿಂದಲೇ ಕಾರ್ಖಾನೆ ಮುಚ್ಚಿತು ಎನ್ನಲಾರೆ. ಆ ಹೊತ್ತಿಗೆ ನೋಕಿಯಾ ಫೋನನ್ನು ಕೇಳುವವರೂ ಕಡಿಮೆಯಾಗಿದ್ದರು. ಆದರೆ ಕೊಳ್ಳಲು ಬಂದವರಿದ್ದಾಗ ಮಾರಲು ಬಿಡಲಿಲ್ಲ ಎಂಬುದೂ ನಿಜ.

ಪ್ರ: ತೆರಿಗೆ ಉಳಿಸಲು ಎಲ್ಲರೂ ಮಾರಿಷಸ್ ಅಂತಾರೆ. ನನ್ನ ಎರಡು ಹೋಟೆಲನ್ನೂ ಅಲ್ಲಿನ ಕಂಪನಿಗೆ ಬರೆದರೆ?
— ಹೋಟೆಲ್ ಮಾಲೀಕರು, ಮಾಟುಂಗಾ

ಉ: ಬೇಡ ಶೆಟ್ರೇ. ಬಸ್ಸು ಹೋಗಿಯಾಯಿತು. 1982ರ ಒಪ್ಪಂದದಲ್ಲಿ ಮಾರಿಷಸ್ ಕಂಪನಿ ಇಲ್ಲಿನ ಷೇರು ಮಾರಿ ಗಳಿಸಿದ ಲಾಭಕ್ಕೆ ನಮ್ಮಲ್ಲಿ ತೆರಿಗೆ ಇರಲಿಲ್ಲ. 2016ರಲ್ಲಿ ಅದನ್ನು ತಿದ್ದಿದರು. 2017ರ ಏಪ್ರಿಲ್ 1ರಿಂದ ಕೊಂಡ ಷೇರಿಗೆ ಇಲ್ಲಿ ತೆರಿಗೆ ಇದೆ. ಅಲ್ಲದೆ ಆ ಕಂಪನಿಯ ಯಜಮಾನಿಕೆ ನಡೆಯುವುದು ನಿಮ್ಮ ಮಾಟುಂಗಾದ ಗಲ್ಲಾಪೆಟ್ಟಿಗೆಯಿಂದ ಎಂದು ಗೊತ್ತಾದರೆ ಅದನ್ನೂ ಭಾರತದ ಕಂಪನಿ ಎಂದೇ ಹಿಡಿಯಬಹುದು. ನಿಮ್ಮ ಇಡ್ಲಿ ಹಬೆ ಆಡುವುದು ಇಲ್ಲಿ, ಲಾಭವೂ ಇಲ್ಲೇ ಇರಲಿ.

ಪ್ರ: ಗೂಗಲ್ ಟ್ಯಾಕ್ಸ್ ಅಂತ ಒಂದಿತ್ತಲ್ಲ, ಎಲ್ಲಿ ಹೋಯಿತು?
— ಜಾಹೀರಾತು ಏಜೆನ್ಸಿಯವರು, ಅಂಧೇರಿ

ಉ: ಹೋಯಿತು. ವಿದೇಶಿ ಕಂಪನಿಗಳ ಆನ್‌ಲೈನ್ ಜಾಹೀರಾತಿಗೆ 2016ರಲ್ಲಿ ಶೇ 6 ಹಾಕಿದರು. 2020ರಲ್ಲಿ ಇ-ಕಾಮರ್ಸ್‌ಗೆ ಶೇ 2. ಇದು ನಮ್ಮ ಕಂಪನಿಗಳ ಮೇಲಿನ ತಾರತಮ್ಯ ಎಂದು ಅಮೆರಿಕ ತನಿಖೆ ಮಾಡಿ ಸುಂಕದ ಬೆದರಿಕೆ ಹಾಕಿತು. ಶೇ 2 ಹೋದದ್ದು 2024ರ ಆಗಸ್ಟ್‌ನಲ್ಲಿ, ಶೇ 6 ಹೋದದ್ದು 2025ರ ಏಪ್ರಿಲ್‌ನಲ್ಲಿ. ಇನ್ನೊಂದು ಕಡೆ, ದೊಡ್ಡ ಬಹುರಾಷ್ಟ್ರೀಯ ಕಂಪನಿಗಳಿಗೆ ಎಲ್ಲ ದೇಶಗಳೂ ಕನಿಷ್ಠ ಶೇ 15 ಕಂಪನಿ ತೆರಿಗೆ ಹಾಕೋಣ ಎಂದು 2021ರಲ್ಲಿ 130ಕ್ಕೂ ಹೆಚ್ಚು ದೇಶಗಳು ಒಪ್ಪಿದ್ದವು. 2025ರ ಜೂನ್‌ನಲ್ಲಿ ಜಿ7 ದೇಶಗಳು ಅಮೆರಿಕದ ಕಂಪನಿಗಳನ್ನು ಅದರಿಂದ ಹೊರಗಿಡಲು ಒಪ್ಪಿಕೊಂಡವು. ದೊಡ್ಡ ಟೆಕ್ ಕಂಪನಿಗಳನ್ನು ಬಿಟ್ಟು ಇನ್ನು ಯಾರನ್ನು ಹಿಡಿಯುತ್ತಾರೋ ಕಾಣೆ.

ಪ್ರ: ಮಗಳು ಸಿಎ ಪಾಸಾದಳು. ದೊಡ್ಡ ಸಂಸ್ಥೆಯೊಂದರಲ್ಲಿ ಟ್ರಾನ್ಸ್‌ಫರ್ ಪ್ರೈಸಿಂಗ್ ವಿಭಾಗಕ್ಕೆ ಕರೆದಿದ್ದಾರೆ. ಆಡಿಟ್ ಬಿಟ್ಟು ಅಲ್ಲಿಗೆ ಹೋಗಬಹುದಾ?
— ತಾಯಿ, ಮುಲುಂಡ್

ಉ: ಖಂಡಿತ ಕಳಿಸಿ. ಹೊಸಬರಿಗೆ ಒಂದೇ ವರ್ಷದಲ್ಲಿ ಔಷಧಿ, ಕಾರು, ಸಾಫ್ಟ್‌ವೇರ್ ಮೂರೂ ಥರದ ಕಂಪನಿಗಳ ಒಳಗು ನೋಡಲು ಸಿಗುವುದು ಅಲ್ಲಿ. ಲೆಕ್ಕಪತ್ರಕ್ಕಿಂತ ಅದರ ಕೆಳಗಿನ ನೋಟ್ಸ್ ಓದುವ ಅಭ್ಯಾಸ ಮಾಡಿಕೊಳ್ಳಲಿ, ಕಂಪೇರಬಲ್ಸ್ ಜಗಳ ಗೆಲ್ಲುವುದು ಸೋಲುವುದು ಆ ಸಣ್ಣ ಅಕ್ಷರದಲ್ಲಿ. ಯೂನಿಟ್‌ಗೆ ಹೋಗಿ ಎಂಜಿನಿಯರ್‌ಗಳನ್ನು ಮಾತಾಡಿಸುವ ಅವಕಾಶ ಸಿಕ್ಕರೆ ಬಿಡಬಾರದು. ಯಾರು ಏನು ಕೆಲಸ ಮಾಡುತ್ತಾರೆ ಎಂದು ಗೊತ್ತಿಲ್ಲದೆ ಬರೆದ ಟಿಪಿ ರಿಪೋರ್ಟನ್ನು ಅಧಿಕಾರಿ ಹತ್ತು ನಿಮಿಷದಲ್ಲಿ ಹರಿದು ಹಾಕುತ್ತಾರೆ. ಮತ್ತೆ, ಮನೆಯಲ್ಲಿ ಮದುವೆ ಮಾತು ನಡೆದಿದ್ದರೆ ಅಕ್ಟೋಬರ್ ಬಿಟ್ಟು ಮುಹೂರ್ತ ನೋಡಿ. ಟಿಪಿ ರಿಪೋರ್ಟಿಗೆ 31 ಕೊನೇ ದಿನ, ಆ ತಿಂಗಳು ನಿಮ್ಮ ಮಗಳು ಮನೆಯಲ್ಲಿ ಕಾಣುವುದಿಲ್ಲ.